ಹುಲ್ಲು ಪಕ್ವ ಮಾಡುವುದನ್ನು ಡೈರಿ ಮುಂದೆಯೇ ತೋರಿಸಿ

ಸಂಪಾದಕರಿಗೆ ನಮಸ್ಕಾರ,

ಹಾಲಿನ ದರ ಹೆಚ್ಚಿಸಬೇಕು ಎಂಬ ಪತ್ರಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಹೆಚ್ಚಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೈರಿಯ ಹಾಲಿನ ಬಟವಾಡೆಯಲ್ಲಿ ಬಂದ ದುಡ್ಡು ಬೂಸಾ, ಹಿಂಡಿ, ಫೀಡಿನ ಮೂಟೆಗೇ ಹೋದರೆ ನಮ್ಮ ಕೈಯಲ್ಲಿ ಉಳಿಯುವುದೇನು? ನಾನು ಪಾಂಡವಪುರ ತಾಲ್ಲೂಕಿನವಳು. ಎರಡು ಸೀಮೆಹಸು, ಒಂದಷ್ಟು ನಾಟಿಕೋಳಿ ಸಾಕಿದ್ದೇನೆ. ಖರ್ಚು ಇಳಿಸುವ ದಾರಿಯ ಬಗ್ಗೆ ಬರೆಯುತ್ತಿದ್ದೇನೆ.

ಭತ್ತದ ಕೊಯ್ಲು ಮುಗಿದು ಎಲ್ಲರ ಮನೆ ಹಿಂದೆಯೂ ಮೆದೆ ಎದ್ದಿದೆ. ಬರೀ ಒಣಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3–4 ಭಾಗ ಮಾತ್ರ. ಅದನ್ನು ತಿಂದರೆ ಹಸುವಿನ ಹೊಟ್ಟೆ ತುಂಬುತ್ತದೆ, ಕೆಚ್ಚಲು ತುಂಬುವುದಿಲ್ಲ. ಇದೇ ಹುಲ್ಲನ್ನು ಯೂರಿಯಾ ನೀರಿನಲ್ಲಿ ಪಕ್ವ ಮಾಡಿದರೆ ಪ್ರೋಟೀನ್ 7–8 ಭಾಗಕ್ಕೆ ಏರುತ್ತದೆ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50–60 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹಾಸಿ, ಈ ನೀರು ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿ ಆಡದಂತೆ ಟಾರ್ಪಾಲು ಮುಚ್ಚಿ ಮೂರು ವಾರ ಬಿಡಬೇಕು. ಒಳಗೆ ಅಮೋನಿಯಾ ಎದ್ದು ಹುಲ್ಲಿನ ಗಡಸು ನಾರನ್ನು ಸಡಿಲ ಮಾಡುತ್ತದೆ. ತೆಗೆದಾಗ ಹುಲ್ಲು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಒಂದು ಗಂಟೆ ಹರಡಿ ಘಾಟು ಹೋದ ಮೇಲಷ್ಟೇ ಗೊಂತಿಗೆ ಹಾಕಬೇಕು. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು.

ಊರಲ್ಲಿ ಯೂರಿಯಾ ಅಂದರೆ ಹೆದರುತ್ತಾರೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಯೂರಿಯಾ ಕಲಸಿದ ನೀರನ್ನೇ ಕುಡಿದ ಹಸು ಉಳಿಯುವುದು ಕಷ್ಟ. ಕಣ್ಣಳತೆಯಲ್ಲಿ ಇನ್ನೊಂದು ಬೊಗಸೆ ಇರಲಿ ಎಂದು ಹಾಕುವ ಕೆಲಸವೂ ಇದಲ್ಲ. ಆರು ತಿಂಗಳೊಳಗಿನ ಕರುವಿಗೆ ಈ ಹುಲ್ಲು ಕೊಡಲೇಬಾರದು. ಹಾಗಾಗಿ ಕರಪತ್ರ ಹಂಚಿದರೆ ಸಾಲದು, ಎದುರಿಗೆ ತೂಕ ಹಾಕಿ ಮಾಡಿ ತೋರಿಸಬೇಕು.

ಇನ್ನು ಕಬ್ಬಿನ ಸೋಗೆ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಇದಕ್ಕೆ ಬರವಿಲ್ಲ, ಹಸುಗಳಿಗೆ ಹೊರೆಗಟ್ಟಲೆ ಹಾಕುತ್ತೇವೆ. ಅದರಲ್ಲಿ ಆಕ್ಸಲೇಟ್ ಅಂಶವಿದೆ. ಅದು ಮೇವಿನ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಭತ್ತದ ಹುಲ್ಲಿನ ಕಥೆಯೂ ಅಷ್ಟೇ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕಿದರೆ ಆ ಕೊರತೆ ತುಂಬುತ್ತದೆ. ಹಸು ಬೆದೆಗೆ ಬರಲಿಲ್ಲ, ಗಬ್ಬ ಕಟ್ಟಲಿಲ್ಲ ಎಂದು ಅಲೆಯುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ. ನೀರಂತೂ ಖರ್ಚೇ ಇಲ್ಲದ್ದು. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಅಲ್ವಾ? ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಕುಡಿಸಿ ಸುಮ್ಮನಾಗುವ ಬದಲು ಇಡೀ ದಿನ ಹಸುವಿನ ಮುಂದೆ ನೀರಿರಲಿ.

ಮೊಟ್ಟೆ ವಿಷಯ ಸಣ್ಣದು ಎಂದು ಗಂಡಸರು ಅಂದುಕೊಳ್ಳಬಹುದು. ಸಂತೆ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ ನಮ್ಮ ಕೈಗೆ ನೇರವಾಗಿ ಬರುವ ದುಡ್ಡು ಅದು. ಬೇಸಿಗೆಯಲ್ಲಿ ಸಂತೆ ದಿನದವರೆಗೆ ಕೂಡಿಡುವಷ್ಟರಲ್ಲಿ ಕೆಲವು ಕೆಟ್ಟಿರುತ್ತವೆ. ಹುಂಜ ಜೊತೆಗಿದ್ದರೆ ಮೊಟ್ಟೆಯಲ್ಲಿ ಜೀವ ಇರುತ್ತದೆ. ಬಿಸಿಲಿನ ಕಾವಿಗೆ ಅದು ಕಾವು ಕೂರಿಸದೆಯೇ ಬೆಳೆಯಲು ಶುರುವಾಗಿ, ಒಡೆದಾಗ ರಕ್ತದ ಗೆರೆ ಕಾಣುತ್ತದೆ. ಕೊಂಡವರು ಮತ್ತೆ ನಮ್ಮ ಹತ್ತಿರ ಬರುತ್ತಾರಾ? ಫ್ರಿಡ್ಜ್ ಇಲ್ಲದವರು ಎರಡು ಮಡಕೆಯಲ್ಲಿ ಕೆಲಸ ಮುಗಿಸಬಹುದು. ದೊಡ್ಡ ಮಡಕೆಯೊಳಗೆ ಸಣ್ಣದನ್ನಿಟ್ಟು, ನಡುವೆ ಮರಳು ತುಂಬಿ, ಮರಳನ್ನು ಬೆಳಿಗ್ಗೆ ಸಂಜೆ ನೆನೆಸುತ್ತಿರಬೇಕು. ಒಳಮಡಕೆಯಲ್ಲಿ ಮೊಟ್ಟೆ ಚೂಪು ತುದಿ ಕೆಳಗಾಗಿ ಇಟ್ಟು, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ನೀರು ಆರುತ್ತಾ ಒಳಗೆ ತಂಪಾಗುತ್ತದೆ. ಮಳೆಗಾಲದಲ್ಲಿ ಇದು ಅಷ್ಟು ನಡೆಯುವುದಿಲ್ಲ.

ಮೊಟ್ಟೆ ತೊಳೆಯಬೇಡಿ. ಚಿಪ್ಪಿನ ಮೇಲೆ ಹುಟ್ಟಿನಿಂದಲೇ ಬಂದ ತೆಳ್ಳನೆ ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಸಣ್ಣ ತೂತುಗಳಿಂದ ಕೊಳೆ ಒಳಗೆ ಇಳಿಯುತ್ತದೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಲ್ಲಿ ಉಜ್ಜಿದರೆ ಸಾಕು. ಕೋಳಿ ಮೊಟ್ಟೆ ಇಟ್ಟ ದಿನವೇ ಅಂಗೈಗೆ ಒಂದೆರಡು ಹನಿ ಕಡಲೆಕಾಯಿ ಎಣ್ಣೆ ಹಾಕಿಕೊಂಡು ಮೊಟ್ಟೆಗೆ ಸವರಿದರೆ ಆ ತೂತುಗಳು ಮುಚ್ಚಿ ಇನ್ನೂ ಹೆಚ್ಚು ದಿನ ತಾಳುತ್ತದೆ. ಆದರೆ ಮರಿ ಮಾಡಿಸಲು ಎತ್ತಿಟ್ಟ ಮೊಟ್ಟೆಗೆ ಎಣ್ಣೆ ಮುಟ್ಟಿಸಬಾರದು, ಒಳಗಿನ ಮರಿಗೆ ಉಸಿರು ಸಿಗುವುದಿಲ್ಲ.

ಇದನ್ನೆಲ್ಲ ತಿಳಿದವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿದ್ದಾರೆ. ಆಹಾರ ಕೆಡದಂತೆ ಕಾಪಾಡುವುದನ್ನೇ ಓದಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದಾರೆ. ಆದರೆ ಎರಡು ಹಸು ಕಟ್ಟಿದ ಹೆಂಗಸು ಅಲ್ಲಿಗೆ ಹೋಗಿ ಬರುವುದು ಯಾವಾಗ? ಅವರು, ಪಶು ಇಲಾಖೆ, ನಮ್ಮ ಜಿಲ್ಲೆಯ ಹಾಲು ಒಕ್ಕೂಟ ಮನ್‌ಮುಲ್ ಸೇರಿ ಒಂದು ಕೆಲಸ ಮಾಡಲಿ. ಶಿವರಾತ್ರಿಗೆ ಮೊದಲೇ ಪ್ರತಿ ಡೈರಿ ಅಂಗಳದಲ್ಲಿ ಒಂದು ಹೊರೆ ಹುಲ್ಲು ಪಕ್ವಕ್ಕೆ ಹಾಕಲಿ, ಮೂರು ವಾರ ಬಿಟ್ಟು ನಮ್ಮೆದುರಿಗೇ ಬಿಚ್ಚಲಿ. ಪಕ್ಕದಲ್ಲೇ ಒಂದು ಮೊಟ್ಟೆ ಮಡಕೆಯೂ ಇರಲಿ. ಖನಿಜ ಮಿಶ್ರಣವನ್ನು ಸಣ್ಣ ಪೊಟ್ಟಣದಲ್ಲಿ ಕೊಟ್ಟು, ದುಡ್ಡನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳಲಿ. ತರಬೇತಿಯನ್ನು ಬೆಳಿಗ್ಗೆ 11 ಗಂಟೆಗೆ ಇಟ್ಟರೆ ನಾವು ಗದ್ದೆಯಲ್ಲಿರುತ್ತೇವೆ. ಸಂಜೆ ಹಾಲು ಹಾಕಿದ ಮೇಲೆ ಇಟ್ಟರೆ ಎಲ್ಲರೂ ಅಲ್ಲೇ ಇರುತ್ತೇವೆ.

– ಒಬ್ಬ ಹಾಲು ಉತ್ಪಾದಕಿ, ಪಾಂಡವಪುರ ತಾಲ್ಲೂಕು