ಅರ್ಧ ಟಿಕೆಟ್ ಪಡೆದ ಮಕ್ಕಳಿಗೆ ಅವರ ಅಳತೆಯ ಲೈಫ್ ಜಾಕೆಟ್ ಕೊಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಆರು ವರ್ಷಗಳಿಂದ ಹೇಳುತ್ತಾ ಬಂದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೆಟ್ಟಿಯ ಟಿಕೆಟ್ ಕಿಟಕಿಯಲ್ಲಿ ಹೇಳಿದೆ. ದೋಣಿಯವರಿಗೆ ಹೇಳಿದೆ. ದೂರು ಪುಸ್ತಕದಲ್ಲಿ ಎರಡು ಸಲ ಬರೆದೆ. ನಿಮ್ಮ ಕಚೇರಿಗೂ ಒಮ್ಮೆ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆ. ಪ್ರವಾಸಿ ದೋಣಿಗಳಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿ. ಇಷ್ಟೇ ಆ ಮಾತು.

ಪ್ರತಿ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ತಂಗಿಯ ಕುಟುಂಬ ಬರುತ್ತದೆ. ಎರಡು ಮನೆಯವರೂ ಒಂದೇ ವಾಹನದಲ್ಲಿ ಕರಾವಳಿ ಸುತ್ತುತ್ತೇವೆ. ಕಳೆದ ಡಿಸೆಂಬರಿನಲ್ಲಿ ಅವರು ಯಲ್ಲಾಪುರದ ಬಳಿ ಮಾಗೋಡು ಜಲಪಾತ ನೋಡಿಕೊಂಡು ಘಟ್ಟ ಇಳಿದು ಬಂದರು. ಅಲ್ಲಿ ಧುಮುಕುವ ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಹೆದ್ದಾರಿ 66ರ ಮಗ್ಗುಲಲ್ಲಿ ಹರಿಯುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರಿನಲ್ಲಿ ನನ್ನ ತಾಯಿ ಕಣ್ಣು ಮುಚ್ಚಿ ಕೈ ಮುಗಿದರು. ಮರುದಿನ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗಕ್ಕೆ ಹೋದೆವು. 253 ಮೀಟರ್ ಆಳದ ಆ ಪ್ರಪಾತದ ಎದುರು ಕಂಬಿಬೇಲಿ ಇದೆ, ಮಕ್ಕಳು ಅದನ್ನು ಹಿಡಿದು ನಿಂತು ರಾಜಾ ಯಾವುದು, ರಾಣಿ ಯಾವುದು ಎಂದು ಕೇಳಿದರು. ಅಲ್ಲಿ ನನಗೆ ಭಯವಾಗಲಿಲ್ಲ. ನನ್ನ ಭಯವೆಲ್ಲ ಮೂರನೆಯ ದಿನಕ್ಕೆ ಕಾದಿತ್ತು, ಏಕೆಂದರೆ ಮೂರನೆಯ ದಿನ ದ್ವೀಪಕ್ಕೆ ಹೋಗುವುದಿತ್ತು.

ಯಾವ ದ್ವೀಪ, ಯಾವ ಜೆಟ್ಟಿ ಎಂದು ಬರೆಯುವುದಿಲ್ಲ. ಹೆಸರು ಹೇಳಿದರೆ ಆ ಒಂದು ಜೆಟ್ಟಿಗೆ ನೋಟಿಸು ಹೋಗಿ ಕಡತ ಮುಚ್ಚುತ್ತದೆ. ಮಕ್ಕಳಿಗೆ ಜಾಕೆಟ್ ಇಲ್ಲದ ಜೆಟ್ಟಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಂಡಿದ್ದೇನೆ.

ಬಿಸಿಲಿನಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತೆವು. ತಾಯಿಗೆ ಕೂರಲು ಒಂದು ಕಲ್ಲೂ ಇರಲಿಲ್ಲ, ಹೋಗಲಿ, ಅದು ಬೇರೆ ಪತ್ರದ ವಿಷಯ. ತಂಗಿಯ ಮಗಳಿಗೆ ಐದು ವರ್ಷ. ಅವಳಿಗೆ ಅರ್ಧ ಟಿಕೆಟ್ ಕೊಟ್ಟರು. ಅದೇ ಕಿಟಕಿಯಲ್ಲಿ ಮಕ್ಕಳ ಜಾಕೆಟ್ ಕೇಳಿದಾಗ, "ಎಲ್ಲರಿಗೂ ಒಂದೇ ಸೈಜು" ಎಂಬ ಉತ್ತರ ಬಂತು. ಟಿಕೆಟಿನಲ್ಲಿ ಮಗುವನ್ನು ಮಗುವೆಂದು ಗುರುತಿಸಲು ಬರುತ್ತದೆ. ಜಾಕೆಟ್ ಕೊಡುವಾಗ ಮಾತ್ರ ಅದು ಯಾರ ಕಣ್ಣಿಗೂ ಕಾಣುವುದಿಲ್ಲವೇ? ದೊಡ್ಡವರ ಕಿತ್ತಳೆ ಬಣ್ಣದ ಜಾಕೆಟ್ ಅವಳ ಮೊಣಕಾಲು ಮುಟ್ಟುತ್ತಿತ್ತು. ಬೆಲ್ಟನ್ನು ಕೊನೆಯವರೆಗೆ ಎಳೆದರೂ ನನ್ನ ಎರಡು ಕೈಗಳು ಒಳಗೆ ಹೋಗುವಷ್ಟು ಜಾಗ ಉಳಿದಿತ್ತು.

ದ್ವೀಪದ ಹತ್ತಿರ ನೀರು ಕಡಿಮೆ, ದೊಡ್ಡ ದೋಣಿ ದಡ ಮುಟ್ಟುವುದಿಲ್ಲ. ಜನರನ್ನು ಸಣ್ಣ ದೋಣಿಗೆ ದಾಟಿಸುತ್ತಾರೆ. ದಾಟಿಸುವ ಹೊತ್ತಿಗೆ ಒಂದು ಅಲೆ ಬಂತು, ದೋಣಿಗಳ ನಡುವೆ ಸಂದು ಬಿಟ್ಟಿತು, ಮಗು ಆ ಸಂದಿನಲ್ಲಿ ಜಾರಿತು. ಜಾಕೆಟ್ ತೇಲಿತು. ಮಗು ತೇಲಲಿಲ್ಲ. ತೋಳುಗಳೆರಡೂ ಮೇಲೆದ್ದು ಅವಳು ಅದರೊಳಗಿನಿಂದ ಕೆಳಕ್ಕೆ ನುಣುಚಿ ಹೋದಳು, ಖಾಲಿ ಜಾಕೆಟ್ ನಮ್ಮ ಕಣ್ಣೆದುರು ತೇಲುತ್ತಿತ್ತು. ದೋಣಿಯಲ್ಲಿ ಹಗ್ಗ ಹಿಡಿದಿದ್ದ ಹುಡುಗನೊಬ್ಬ ಯಾರನ್ನೂ ಕೇಳದೆ ಹಾರಿ, ಹತ್ತು ಎಣಿಸುವಷ್ಟರಲ್ಲಿ ಅವಳ ರಟ್ಟೆ ಹಿಡಿದು ಮೇಲೆತ್ತಿದ. ಆ ಹುಡುಗನಿಗೆ ನಮ್ಮ ಮನೆ ಋಣಿ. ತಂಗಿ ಅಂದಿನಿಂದ ರಾತ್ರಿ ಎದ್ದು ಮಗಳ ಉಸಿರು ನೋಡುತ್ತಾಳೆ.

ಮರಳಿ ಜೆಟ್ಟಿಗೆ ಬಂದಾಗ ಅಲ್ಲಿನ ಮೇಲ್ವಿಚಾರಕರು ಎರಡು ಮಾತು ಹೇಳಿದರು. ಮೊದಲನೆಯದು: "ಮಗುವನ್ನು ನೀವೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು." ಎರಡನೆಯದು: "ಒಂದು ಜಾಕೆಟ್ ಕಡಿಮೆ ಇದೆ, ಲೆಕ್ಕ ಕೊಡಬೇಕು." ಶಾಸಕರೇ, ಮಗು ನಡುಗುತ್ತಾ ಅವಳ ತಾಯಿಯ ಸೆರಗಿನಲ್ಲಿದ್ದಳು, ಅವರು ಜಾಕೆಟ್ ಎಣಿಸುತ್ತಿದ್ದರು. ಇಷ್ಟು ವರ್ಷ ವಿನಯದಿಂದ ಬರೆದದ್ದಕ್ಕೆ ಆ ಕ್ಷಣ ನನಗೆ ನಾಚಿಕೆಯಾಯಿತು.

ಸಡಿಲ ಜಾಕೆಟ್ ಏನು ಮಾಡುತ್ತದೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ನೀರಿಗೆ ಬಿದ್ದೊಡನೆ ಅದು ಮೇಲೇರುತ್ತದೆ, ದೇಹ ಕೆಳಗಿಳಿಯುತ್ತದೆ, ಮುಖ ಅದರೊಳಗೆ ಮುಳುಗುತ್ತದೆ. ಪುಟ್ಟ ಮಕ್ಕಳ ಜಾಕೆಟ್ಟಿನಲ್ಲಿ ಕಾಲುಗಳ ನಡುವೆ ಹಾಯುವ ಪಟ್ಟಿ ಇರುವುದು ಅದು ಮೇಲೇರಬಾರದೆಂದೇ. ಕತ್ತಿನ ಹಿಂದಿನ ದಪ್ಪ ಮಡಿಕೆ ಇರುವುದು ತಲೆಗೆ ಆನಿಕೆಯಾಗಿ ಮುಖ ನೀರಿನ ಮೇಲಿರಲೆಂದು. ಮಗುವಿನ ತೂಕ ನೋಡಿ ಜಾಕೆಟ್ ಆರಿಸಬೇಕು. ತೊಡಿಸಿದ ಮೇಲೆ ಎರಡು ಭುಜಗಳಲ್ಲಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಕಿವಿಯ ತನಕ ಏರಿದರೆ ದೊಡ್ಡದಾಯಿತೆಂದು ಅರ್ಥ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಟಿಕೆಟ್ ಹರಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನಿಯಮಗಳನ್ನು ನಿಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ. ದೋಣಿಗೆ ಪರವಾನಗಿ ಕೊಡುವಾಗ ಏನು ಪರಿಶೀಲಿಸಬೇಕು, ಯಾರು ಸಹಿ ಹಾಕಬೇಕು ಎಂಬುದು ನಿಮಗೂ ಗೊತ್ತು, ಸಹಿ ಹಾಕುವವರಿಗೂ ಗೊತ್ತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡರು. ಅಂಥ ದಿನದ ನಂತರ ಸಭೆಗಳು ನಡೆಯುತ್ತವೆ ಎಂಬುದೂ ಗೊತ್ತು. ನಮ್ಮ ಮನೆಯ ಮಗು ಬದುಕಿತು, ಆದ್ದರಿಂದ ಸಭೆ ನಡೆಯಲಿಲ್ಲ. ಸಭೆ ನಡೆಯಲು ಮಗು ಸಾಯಬೇಕೇ?

ಕರಾವಳಿಗೆ ಬರಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸೇಂಟ್ ಮೇರೀಸ್ ದ್ವೀಪದ ಬಂಡೆಕಂಬಗಳನ್ನು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾವನ್ನು, ಮಕ್ಕಳು ಕೈಯಿಂದ ಮುಟ್ಟಿ ನೋಡಬೇಕು. ಕಾಳಿ ಕಡಲು ಸೇರುವ ಕಡೆ ಕೂರ್ಮಗಡವನ್ನು ನೋಡಬೇಕು. ದೋಣಿ ನಿಲ್ಲಿಸಿ ಎಂದೂ ಹೇಳುತ್ತಿಲ್ಲ. ಆ ಹಗ್ಗ ಹಿಡಿದ ಹುಡುಗನ ಊಟ ಅದರಲ್ಲಿದೆ. ಮಕ್ಕಳ ಅಳತೆಯ ಜಾಕೆಟ್ ಇಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸಬೇಡಿ, ಅರ್ಧ ಟಿಕೆಟ್ ಮಾರಬೇಡಿ, ಅಷ್ಟೇ. ನಿಮ್ಮ ಕ್ಷೇತ್ರದ ಎಲ್ಲ ಜೆಟ್ಟಿಗಳಲ್ಲಿಯೂ. ಮಳೆಗಾಲ ಕಳೆದು ಮೊದಲ ದೋಣಿ ಹೊರಡುವ ಮೊದಲೇ.

ಹಣವಿಲ್ಲ ಎಂಬ ಉತ್ತರ ಬಂದರೆ ನಾನು ಒಪ್ಪುವುದಿಲ್ಲ. ಸ್ವಾಗತ ಕಮಾನಿಗೆ ಹಣವಿತ್ತು, ಉದ್ಘಾಟನೆಯ ಫಲಕದಲ್ಲಿ ನಿಮ್ಮ ಹೆಸರೂ ಇದೆ.

ಬರುವ ಡಿಸೆಂಬರಿನಲ್ಲಿ ತಂಗಿ ಬರುವುದಿಲ್ಲ ಎನ್ನುತ್ತಿದ್ದಾಳೆ. ನಾನು ಮಗನೊಂದಿಗೆ ಅದೇ ಜೆಟ್ಟಿಗೆ ಹೋಗುತ್ತೇನೆ, ಟಿಕೆಟ್ ಕೊಳ್ಳುವ ಮೊದಲು ಮಕ್ಕಳ ಜಾಕೆಟ್ ತೋರಿಸಿ ಎನ್ನುತ್ತೇನೆ. ತೋರಿಸುವವರೆಗೆ ಕಿಟಕಿ ಬಿಟ್ಟು ಕದಲುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ