ಹಳೆಯ ಉಪಕರಣಗಳ ಇಂಟರ್‌ಫೇಸ್ ಕಾರ್ಡುಗಳು ಗುಜರಿ ಪಾಲಾಗದಿರಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕಾಲೇಜು ಹಾಗೂ ಸಂಶೋಧನಾ ಪ್ರಯೋಗಾಲಯಗಳು ಹಳೆಯ ಕಂಪ್ಯೂಟರುಗಳನ್ನು ಇ-ತ್ಯಾಜ್ಯವೆಂದು ವಿಲೇವಾರಿ ಮಾಡುವ ಮುನ್ನ, ಅವುಗಳೊಳಗಿನ ಇಂಟರ್‌ಫೇಸ್ ಕಾರ್ಡುಗಳನ್ನು, ಅಂದರೆ ಪ್ರಯೋಗಾಲಯದ ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸುವ ಸರ್ಕ್ಯೂಟ್ ಫಲಕಗಳನ್ನು, ತೆಗೆದಿರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಸ್ಪೆಕ್ಟ್ರೋಫೋಟೋಮೀಟರ್, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮೊದಲಾದ ರಾಸಾಯನಿಕ ವಿಶ್ಲೇಷಣೆಯ ಉಪಕರಣಗಳು ಚೆನ್ನಾಗಿ ನೋಡಿಕೊಂಡರೆ ಎರಡು ದಶಕ ಮೀರಿಯೂ ದುಡಿಯುತ್ತವೆ. ಅವುಗಳಿಗೆ ಜೋಡಿಸಿದ ಕಂಪ್ಯೂಟರ್ ಅಷ್ಟು ಬಾಳುವುದಿಲ್ಲ. ಅದು ಕೆಟ್ಟು ಹೊಸದನ್ನು ತರಿಸಿದರೆ ಕಾರ್ಡ್ ಕೂರಿಸುವ ಸ್ಲಾಟೇ ಅದರಲ್ಲಿರುವುದಿಲ್ಲ. 1981ರ ಐಬಿಎಂ ಪಿಸಿಯೊಂದಿಗೆ ಬಂದ ಐಎಸ್‌ಎ ಸ್ಲಾಟ್ ಸಾಮಾನ್ಯ ಮದರ್‌ಬೋರ್ಡುಗಳಿಂದ ಮರೆಯಾಗಿ ಬಹುಕಾಲವಾಯಿತು. ಅದರ ನಂತರ ಬಂದ ಪಿಸಿಐ ಸ್ಲಾಟ್ ಕೂಡ ಅಪರೂಪವಾಗಿದೆ. ಹೆಸರಿನಲ್ಲಿ ಹೋಲಿಕೆಯಿದ್ದರೂ ಹಳೆಯ ಪಿಸಿಐ ಕಾರ್ಡ್ ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುವುದಿಲ್ಲ. ನಾನು ಬಲ್ಲ ಒಂದು ಪ್ರಯೋಗಾಲಯದಲ್ಲಿ ಸುಸ್ಥಿತಿಯಲ್ಲಿದ್ದ ಉಪಕರಣವು ಇದೇ ಕಾರಣಕ್ಕೆ ಮೂಲೆ ಸೇರಿದೆ. ಎಂಡೋಸಲ್ಫಾನಿನ ಸಂಕಟವನ್ನು ಇಂದಿಗೂ ಉಣ್ಣುತ್ತಿರುವ ಈ ಜಿಲ್ಲೆಯಲ್ಲಿ, ಮಣ್ಣು ಮತ್ತು ನೀರಿನಲ್ಲಿ ಕೀಟನಾಶಕದ ಶೇಷವನ್ನು ಪತ್ತೆಹಚ್ಚಬಲ್ಲ ಕ್ರೊಮ್ಯಾಟೋಗ್ರಾಫ್ ಒಂದು ಕಾರ್ಡಿನ ಕೊರತೆಯಿಂದ ನಿಲ್ಲುವುದು ಬಹಳ ನೋವಿನ ಸಂಗತಿ.

ಹಳೆಯ ಸೀರಿಯಲ್ ಪೋರ್ಟ್, ಅಂದರೆ ಆರ್‌ಎಸ್-232 ಇರುವ ಉಪಕರಣಗಳಿಗೆ ಅಷ್ಟು ತೊಂದರೆಯಿಲ್ಲ, ಅಗ್ಗದ ಯುಎಸ್‌ಬಿ ಪರಿವರ್ತಕವೇ ಬಹುಮಟ್ಟಿಗೆ ಸಾಕು. ಎಚ್‌ಪಿ ಕಂಪನಿ ರೂಪಿಸಿ 1975ರಲ್ಲಿ ಐಇಇಇ-488 ಎಂಬ ಮಾನಕವಾದ, ಮಾಪನೋಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ 24 ಪಿನ್ನುಗಳ ಜಿಪಿಐಬಿ ಸಂಪರ್ಕಕ್ಕೂ ಯುಎಸ್‌ಬಿ ಅಡಾಪ್ಟರುಗಳಿವೆ. ಆದರೆ ಹೆಸರಾಂತ ಕಂಪನಿಯ ಹೊಸ ಅಡಾಪ್ಟರ್ ಸಾಧಾರಣ ಕಂಪ್ಯೂಟರಿಗಿಂತಲೂ ದುಬಾರಿ, ಅಗ್ಗಕ್ಕೆ ಸಿಗುವವುಗಳಲ್ಲಿ ನಕಲಿಗಳೂ ಇವೆ. ಹಳೆಯ ಜಿಪಿಐಬಿ ಕಾರ್ಡನ್ನೇ ಹುಡುಕುವವರು ಕಂಪನಿಯ ಹೆಸರಿಗಿಂತ ಕಾರ್ಡಿನ ಸಂಖ್ಯೆಯನ್ನು ಹಿಡಿದು ಹುಡುಕುವುದು ಒಳ್ಳೆಯದು. ಎಚ್‌ಪಿಯ ಮಾಪನೋಪಕರಣ ವಿಭಾಗವು 1999ರಲ್ಲಿ ಎಜಿಲೆಂಟ್ ಆಗಿ, ಅದರ ಇಲೆಕ್ಟ್ರಾನಿಕ್ ಮಾಪನ ವಿಭಾಗವು 2014ರಲ್ಲಿ ಕೀಸೈಟ್ ಆಗಿ ಬೇರ್ಪಟ್ಟ ಕಾರಣ ಒಂದೇ ವಂಶದ ಕಾರ್ಡುಗಳು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಅವುಗಳ ಸಂಖ್ಯೆ 82341 ಎಂದಿದ್ದರೆ ಅದು ಐಎಸ್‌ಎ ಸ್ಲಾಟಿನದು, 82350 ಎಂದಿದ್ದರೆ ಪಿಸಿಐ ಸ್ಲಾಟಿನದು. ಕೇರಳದ ಶಾಲೆಗಳು ಬಹುಕಾಲದಿಂದ ಬಳಸುತ್ತಿರುವ ಲಿನಕ್ಸ್‌ನಲ್ಲಿ ಜಿಪಿಐಬಿಗೆ ಉಚಿತ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇರುವುದನ್ನೂ ನಮ್ಮ ಅಧ್ಯಾಪಕರು ಗಮನಿಸಬೇಕು.

ನಿಜವಾದ ಕಷ್ಟವಿರುವುದು ತಯಾರಕರು ತಮ್ಮ ಉಪಕರಣಕ್ಕೆಂದೇ ಮಾಡಿದ ವಿಶಿಷ್ಟ ಕಾರ್ಡುಗಳಲ್ಲಿ. ಅವುಗಳಿಗೆ ಸಾಮಾನ್ಯ ಅಡಾಪ್ಟರ್ ಯಾವುದೂ ಹೊಂದುವುದಿಲ್ಲವಾದ್ದರಿಂದ ಆ ಕಾರ್ಡ್, ಅದರ ತಂತ್ರಾಂಶದ ಡಿಸ್ಕ್, ಅದು ಕೂರುವ ಹಳೆಯ ಮದರ್‌ಬೋರ್ಡ್ ಇವೆಲ್ಲವನ್ನೂ ಒಟ್ಟಿಗೇ ಉಳಿಸಿಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಸರಕಾರಿ ಸಂಸ್ಥೆಗಳ ಇ-ತ್ಯಾಜ್ಯವನ್ನು ಕ್ಲೀನ್ ಕೇರಳ ಕಂಪನಿ ಸಂಗ್ರಹಿಸುತ್ತದೆ. ಹಾಗೆ ಒಪ್ಪಿಸುವ ಮುನ್ನ ಪ್ರಯೋಗಾಲಯ ಸಹಾಯಕರಿಂದ ಕ್ಯಾಬಿನೆಟ್ ತೆರೆಸಿ, ಕಾರ್ಡನ್ನು ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಅದು ಯಾವ ಉಪಕರಣದ್ದು, ಜಂಪರುಗಳು (ಕಾರ್ಡಿನ ಹೊಂದಾಣಿಕೆ ಬದಲಿಸುವ ಪುಟ್ಟ ಕೊಂಡಿಗಳು) ಹೇಗಿದ್ದವು ಎಂಬುದನ್ನು ಬರೆದಿಡಬೇಕು. ಜಿಲ್ಲೆಯ ಎಲ್ಲ ಪ್ರಯೋಗಾಲಯಗಳು ತಮ್ಮಲ್ಲಿ ಉಳಿದಿರುವ ಕಾರ್ಡುಗಳ ಪಟ್ಟಿಯನ್ನು ಪರಸ್ಪರ ಹಂಚಿಕೊಂಡು, ಸಮೀಪದ ಮಂಗಳೂರಿನ ಕಾಲೇಜುಗಳನ್ನೂ ಅದರಲ್ಲಿ ಸೇರಿಸಿಕೊಳ್ಳಲಿ. ಬರುವ ವಿಲೇವಾರಿಗೆ ಮುಂಚೆಯೇ ಪ್ರಾಂಶುಪಾಲರು ಈ ಬಗ್ಗೆ ಲಿಖಿತ ಸೂಚನೆ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ವಿಜ್ಞಾನ ಅಧ್ಯಾಪಕ, ಬದಿಯಡ್ಕ