ವಿಹಾರ ನೌಕೆಯ ಈಜುಕೊಳದಲ್ಲಿ ಸಂಭವಿಸಿದ ಸಾವಿನ ಕುರಿತು ದೂರು ಮತ್ತು ಪರಿಹಾರದ ಬೇಡಿಕೆ

ಇವರಿಗೆ:
ವ್ಯವಸ್ಥಾಪಕ ನಿರ್ದೇಶಕರು,
ವಿಹಾರ ನೌಕಾ ಸಂಸ್ಥೆಯ ನೋಂದಾಯಿತ ಕಚೇರಿ, ಮುಂಬೈ

ಇವರಿಂದ:
ಮೃತರ ಪತ್ನಿಯ ಪರವಾಗಿ ಆಕೆಯ ತಮ್ಮ,
ಬದಿಯಡ್ಕ, ಕಾಸರಗೋಡು ಜಿಲ್ಲೆ

ವಿಷಯ: ಹಡಗಿನ ಈಜುಕೊಳದಲ್ಲಿ ಸುರಕ್ಷತೆಯ ಲೋಪದಿಂದಾದ ಸಾವು, ದಾಖಲೆಗಳ ಸಂರಕ್ಷಣೆ ಮತ್ತು ಪರಿಹಾರ.

ಮಾನ್ಯರೇ,

ಕಳೆದ ಡಿಸೆಂಬರಿನಲ್ಲಿ ಕೊಚ್ಚಿಯಿಂದ ಹೊರಟು ಕೊಚ್ಚಿಗೇ ಮರಳಿದ ತಮ್ಮ ವಿಹಾರ ನೌಕೆಯ ಮೇಲಿನ ಡೆಕ್ಕಿನ ಈಜುಕೊಳದಲ್ಲಿ ನನ್ನ ಭಾವ ಮುಳುಗಿ ತೀರಿಕೊಂಡರು. ಅವರಿಗೆ 43 ವರ್ಷ. ಇಲ್ಲಿನ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ನೌಕರರಾಗಿದ್ದ ಅವರ ಸಂಬಳವನ್ನೇ ಅಕ್ಕ, ಇಬ್ಬರು ಮಕ್ಕಳು ಮತ್ತು ಭಾವನ ವಯಸ್ಸಾದ ತಾಯಿ ನೆಚ್ಚಿಕೊಂಡಿದ್ದರು. ಅಕ್ಕನ ಲಿಖಿತ ಅಧಿಕಾರಪತ್ರದ ಮೇರೆಗೆ ನಾನು ಈ ಪತ್ರ ಬರೆಯುತ್ತಿದ್ದು, ಅಧಿಕಾರಪತ್ರ, ಟಿಕೆಟ್, ಮರಣೋತ್ತರ ಪರೀಕ್ಷೆಯ ವರದಿ ಮತ್ತು ಸಹಪ್ರಯಾಣಿಕರಿಬ್ಬರ ಹೇಳಿಕೆಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಘಟನೆಯ ವಿವರವನ್ನು ತಮ್ಮ ಗ್ರಾಹಕ ಸೇವಾ ವಿಭಾಗದ ಉತ್ತರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಲಾಗಿರುವುದರಿಂದ, ಅದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುವುದು ಅಗತ್ಯ. ಹಿಂದಿನ ದಿನ ಸಂಜೆ ಸಮುದ್ರದಲ್ಲಿ ಉಬ್ಬರದ ಅಲೆಗಳಿದ್ದ ಕಾರಣ ಹಡಗು ಹೊಯ್ದಾಡುತ್ತಿದ್ದು, ತಮ್ಮ ಸಿಬ್ಬಂದಿಯೇ ಕೊಳದ ಮೇಲೆ ಬಲೆ ಹೊದೆಸಿ ಯಾರೂ ಇಳಿಯದಂತೆ ಮಾಡಿದ್ದರು. ಮರುದಿನ ಬೆಳಿಗ್ಗೆ ಹೊಯ್ದಾಟ ಇನ್ನೂ ಇದ್ದಾಗಲೇ ಆ ಬಲೆಯನ್ನು ತೆಗೆಯಲಾಯಿತು. ಹಡಗು ವಾಲಿದಾಗ ಕೊಳದ ನೀರೆಲ್ಲ ಒಂದು ಬದಿಗೆ ಸರಿಯುತ್ತದೆ, ಎದೆಮಟ್ಟದ ನೀರಿದ್ದ ಜಾಗದಲ್ಲಿ ಕ್ಷಣದೊಳಗೆ ತಲೆ ಮುಳುಗುವಷ್ಟು ನೀರಾಗುತ್ತದೆ ಎಂಬುದು ಮೊದಲ ಸಲ ಹಡಗು ಹತ್ತಿದ ಪ್ರಯಾಣಿಕನಿಗೆ ತಿಳಿದಿರುವುದಿಲ್ಲ. ಬಲೆ ಹಾಕಿದವರಿಗೆ ತಿಳಿದೇ ಇತ್ತು. ಕೊಳದ ಬಳಿ ತಮ್ಮ ಸಂಸ್ಥೆಯ ಅಂಗಿ ತೊಟ್ಟ ಒಬ್ಬನೇ ಒಬ್ಬ ಹುಡುಗನಿದ್ದ. ಟವೆಲ್ ಕೊಡುವುದು, ಚಹಾ ಮತ್ತು ಹಣ್ಣಿನ ರಸದ ಆರ್ಡರ್ ಬರೆದುಕೊಳ್ಳುವುದು ಅವನ ಕೆಲಸವಾಗಿತ್ತು. ಭಾವ ಮುಳುಗಿದಾಗ ಅವನು ಕೊಳಕ್ಕೆ ಬೆನ್ನು ಹಾಕಿ ಮೇಜೊಂದರ ಬಳಿ ನಿಂತು ಬರೆದುಕೊಳ್ಳುತ್ತಿದ್ದುದು ಸಹಪ್ರಯಾಣಿಕರೊಬ್ಬರ ಮೊಬೈಲ್ ವೀಡಿಯೊದಲ್ಲಿ ಸ್ಪಷ್ಟವಾಗಿದೆ.

ಭಾವ ನೀರಿನಲ್ಲಿ ಕಾಣದಿದ್ದುದನ್ನು ಮೊದಲು ಗಮನಿಸಿದವನು ಅಕ್ಕನ ಹಿರಿಯ ಮಗ. ಅವನ ಕೂಗು ಕೇಳಿ ಓಡಿಬಂದವರು ಪುತ್ತೂರಿನ ಒಬ್ಬ ಪ್ರಯಾಣಿಕರು. ಗೋಡೆಯಲ್ಲಿ ತೂಗುಹಾಕಿದ್ದ, ನೀರಿನಲ್ಲಿ ತೇಲುವ ಜೀವರಕ್ಷಕ ಬಳೆಯನ್ನು (ಲೈಫ್‌ಬಾಯ್) ಅವರು ಎಳೆದರು. ಅದು ಕಳವಾಗದಿರಲೆಂದೋ ಏನೋ, ಕೊಕ್ಕೆಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಲ್ಪಟ್ಟಿತ್ತು. ಎರಡು ಸಲ ಜಗ್ಗಿದರೂ ಬಾರದ್ದರಿಂದ ಅವರು ಅದನ್ನು ಬಿಟ್ಟು ಬಟ್ಟೆಯಲ್ಲೇ ನೀರಿಗೆ ಹಾರಿ ಭಾವನನ್ನು ಮೇಲೆತ್ತಿದರು. ಹಡಗಿನ ವೈದ್ಯರು ಬಂದದ್ದು ವೀಡಿಯೊದ ಸಮಯದ ಪ್ರಕಾರ ಅದಾಗಿ ಒಂಬತ್ತು ನಿಮಿಷಗಳ ನಂತರ. ಅಲ್ಲಿಯವರೆಗೆ ಉಸಿರು ಕೊಡುವ, ಎದೆಯೊತ್ತುವ ಪ್ರಥಮ ಚಿಕಿತ್ಸೆಯನ್ನು ಮಾಡಿದವರು ಪ್ರಯಾಣಿಕರೇ ಹೊರತು ತಮ್ಮ ಸಿಬ್ಬಂದಿಯಲ್ಲ. ಆಮ್ಲಜನಕ ಸಿಗದ ಮಿದುಳಿಗೆ ನಾಲ್ಕಾರು ನಿಮಿಷಗಳಲ್ಲೇ ಸರಿಪಡಿಸಲಾಗದ ಹಾನಿ ಶುರುವಾಗುವಾಗ, ಆ ಒಂಬತ್ತು ನಿಮಿಷಗಳ ಲೆಕ್ಕವನ್ನು ತಾವು ಕೊಡಲೇಬೇಕು.

ತಮ್ಮ ಉತ್ತರದಲ್ಲಿ, ಮೃತರು ವಯಸ್ಕರು, ಈಜು ಬಲ್ಲವರು, ಕೊಳವನ್ನು ಸ್ವಂತ ಹೊಣೆಯಲ್ಲಿ ಬಳಸಬೇಕೆಂಬ ಫಲಕವಿತ್ತು, ಹಾಗಾಗಿ ಸಂಸ್ಥೆ ಹೊಣೆಯಲ್ಲ ಎಂದಿದೆ. ಭಾವ ಚಿಕ್ಕಂದಿನಲ್ಲಿ ಚಂದ್ರಗಿರಿ ಹೊಳೆಯಲ್ಲಿ ಈಜಿ ಬೆಳೆದವರು ಎಂಬುದು ನಿಜ. ಆದರೆ ಈಜು ಬಲ್ಲವರೂ ಮುಳುಗುತ್ತಾರೆ, ಮುಳುಗುವವರು ಹೆಚ್ಚಾಗಿ ಕೂಗಿ ಕರೆಯುವುದೂ ಇಲ್ಲ. ಉಸಿರಿಗಾಗಿ ಹೋರಾಡುವ ಬಾಯಿಗೆ ಕೂಗುವ ಶಕ್ತಿ ಇರುವುದಿಲ್ಲ. ನೀರನ್ನಷ್ಟೇ ನೋಡುತ್ತಿರುವ ತರಬೇತಾದ ಲೈಫ್‌ಗಾರ್ಡ್ ಬೇಕಾಗುವುದು ಈ ಕಾರಣಕ್ಕೇ. ಮರಣೋತ್ತರ ಪರೀಕ್ಷೆಯಲ್ಲಿ ಸಾವಿಗೆ ಕಾರಣ ಮುಳುಗುವಿಕೆ ಎಂದಿದೆ. ಮದ್ಯದ ಅಂಶವಾಗಲೀ ಹೃದಯಾಘಾತದ ಗುರುತಾಗಲೀ ಸಿಕ್ಕಿಲ್ಲ. ತಮ್ಮ ಪ್ರತಿನಿಧಿ ಫೋನಿನಲ್ಲಿ ಅಕ್ಕನ ಬಳಿ ಕುಡಿತದ ಬಗ್ಗೆ ಕೇಳಿದ ಪ್ರಶ್ನೆಗಳು ಆ ಮನೆಯವರನ್ನು ಎಷ್ಟು ನೋಯಿಸಿವೆ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಈ ವಿಷಯದಲ್ಲಿ ಕಾನೂನು ಏನೆನ್ನುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2006ರಲ್ಲಿ ಕೋವಳಂನಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿನ ಈಜುಕೊಳದಲ್ಲಿ ಅತಿಥಿಯೊಬ್ಬರು ಮುಳುಗಿ ಸತ್ತ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು 62.5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಲೈಫ್‌ಗಾರ್ಡ್ ಆಗಿದ್ದವನಿಗೆ ಬಾರಿನಲ್ಲಿ ಮದ್ಯ ಬಡಿಸುವ ಕೆಲಸವನ್ನೂ ಒಪ್ಪಿಸಲಾಗಿತ್ತು; ಅದನ್ನೇ ಸೇವೆಯ ಲೋಪವೆಂದು ಎಣಿಸಲಾಯಿತು. ತಮ್ಮ ಹಡಗಿನಲ್ಲಾದರೋ ಲೈಫ್‌ಗಾರ್ಡ್ ಎಂಬವನೇ ಇರಲಿಲ್ಲ. ವಿಹಾರ ನೌಕೆಗಳಲ್ಲಿ ಅಂಥ ಪದ್ಧತಿಯಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ, ಏಕೆಂದರೆ ಡಿಸ್ನಿಯ ಹಡಗುಗಳಲ್ಲಿ ಲೈಫ್‌ಗಾರ್ಡ್‌ಗಳಿದ್ದಾರೆ, ರಾಯಲ್ ಕೆರಿಬಿಯನ್ ಸಂಸ್ಥೆಯೂ 2017ರಲ್ಲಿ ತನ್ನ ಹಡಗುಗಳಿಗೆ ಅವರನ್ನು ನೇಮಿಸಿತು.

ಇನ್ನು ಘಟನೆ ಅಂತಾರಾಷ್ಟ್ರೀಯ ಜಲಪ್ರದೇಶದಲ್ಲಿ ನಡೆದದ್ದು, ಹಡಗು ವಿದೇಶದಲ್ಲಿ ನೋಂದಾಯಿತವಾದದ್ದು, ಟಿಕೆಟ್ಟಿನ ಷರತ್ತಿನಂತೆ ದಾವೆಯನ್ನು ವಿದೇಶದ ನ್ಯಾಯಾಲಯದಲ್ಲಿ ಒಂದು ವರ್ಷದೊಳಗೆ ಮಾತ್ರ ಹೂಡಬೇಕು ಎಂಬ ತಮ್ಮ ವಾದ. ತಮ್ಮ ವಕೀಲರು ಇದಕ್ಕೆ ಆಧಾರವಾಗಿ ಅಮೆರಿಕದ ಸುಪ್ರೀಂ ಕೋರ್ಟಿನ 1991ರ ತೀರ್ಪೊಂದನ್ನು ಕೊಟ್ಟಿದ್ದಾರೆ. ದಾವೆಯನ್ನು ಯಾವ ನ್ಯಾಯಾಲಯದಲ್ಲಿ ಹೂಡಬೇಕೆಂದು ವಿಹಾರ ನೌಕೆಯ ಟಿಕೆಟ್ಟಿನಲ್ಲಿ ಅಚ್ಚಾದ ಷರತ್ತನ್ನು ಆ ನ್ಯಾಯಾಲಯ ಒಪ್ಪಿದ್ದು ಹೌದು. ಅದು ಅಮೆರಿಕದ ಕಾನೂನು. ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಸೆಕ್ಷನ್ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಹಕ್ಕು ಕೊಟ್ಟಿದೆ. 69ನೇ ಸೆಕ್ಷನ್ ಅದಕ್ಕೆ ಎರಡು ವರ್ಷಗಳ ಅವಧಿ ಕೊಟ್ಟಿದೆ. ಗ್ರಾಹಕ ಮೃತಪಟ್ಟರೆ ವಾರಸುದಾರರೇ ದೂರುದಾರರಾಗಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಹಕ್ಕು ಚಲಾಯಿಸುವ ಕಾಲಾವಧಿಯನ್ನು ಕರಾರಿನ ಮೂಲಕ ಮೊಟಕುಗೊಳಿಸುವ ಷರತ್ತು ಭಾರತೀಯ ಕರಾರು ಕಾಯ್ದೆಯ 28ನೇ ಸೆಕ್ಷನ್ನಿನಂತೆ ಅನೂರ್ಜಿತ. ಟಿಕೆಟ್ ಕಾದಿರಿಸಿದ್ದು ಕಾಸರಗೋಡಿನಿಂದ, ಹಣ ಹೋದದ್ದು ಇಲ್ಲಿನ ಬ್ಯಾಂಕ್ ಖಾತೆಯಿಂದ, ಹಡಗು ಹತ್ತಿದ್ದೂ ಶವ ಇಳಿಸಿದ್ದೂ ಕೊಚ್ಚಿಯಲ್ಲಿ. ಬದಿಯಡ್ಕದ ಒಬ್ಬ ವಿಧವೆ ಎರಡು ಮಕ್ಕಳನ್ನು ಬಿಟ್ಟು ಪರದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂಬ ಷರತ್ತು ಯಾವ ನ್ಯಾಯಕ್ಕೂ ಒಪ್ಪುವಂಥದ್ದಲ್ಲ, ಅನ್ಯಾಯದ ಕರಾರುಗಳ ವಿರುದ್ಧ ತಿರುವನಂತಪುರದ ರಾಜ್ಯ ಆಯೋಗಕ್ಕೆ ಹೋಗುವ ದಾರಿಯೂ ಪ್ರತ್ಯೇಕವಾಗಿ ಇದೆ.

ಹಡಗು ಆಗ ತೀರದಿಂದ 40 ನಾಟಿಕಲ್ ಮೈಲು ದೂರದಲ್ಲಿತ್ತು ಎಂಬ ಹೇಳಿಕೆಯನ್ನು ನಾವು ಒಪ್ಪುವುದಿಲ್ಲ. ಕೊಳದ ಪಕ್ಕದಲ್ಲಿ ನಿಂತೇ ಅಕ್ಕ ತನ್ನ ಮಾಮೂಲಿ ಮೊಬೈಲಿನಿಂದ ನನಗೆ ಕರೆ ಮಾಡಿದ್ದಳು. ಅಷ್ಟು ದೂರಕ್ಕೆ ತೀರದ ಟವರುಗಳ ಸಿಗ್ನಲ್ ತಲಪುವುದಿಲ್ಲ. ಯಾವ ಟವರ್ ಮೂಲಕ ಆ ಕರೆ ಬಂತೆಂಬುದನ್ನು ತಿಳಿಯಲು ಕರೆಯ ವಿವರವನ್ನು ಪೊಲೀಸರಿಗೆ ಕೊಟ್ಟಿದ್ದೇವೆ. ತೀರದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ವರೆಗಿನ ಸಮುದ್ರ ಭಾರತದ ಪ್ರಾದೇಶಿಕ ಜಲಪ್ರದೇಶ. ಘಟನೆ ಅದರೊಳಗೆ ನಡೆದಿದ್ದರೆ, ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಡಿ ತನಿಖೆಗೆ ಅಡ್ಡಿಯಿರುವುದಿಲ್ಲ. ಆದ್ದರಿಂದ ಆ ಬೆಳಗ್ಗಿನ ಹಡಗಿನ ಸ್ಥಾನದ ದಾಖಲೆಯನ್ನು ತಾವು ಬಹಿರಂಗಪಡಿಸಬೇಕು.

ಕೊಚ್ಚಿಯ ಆಸ್ಪತ್ರೆಯಲ್ಲಿ ನಡೆದದ್ದನ್ನು ಬಿಡುವಂತಿಲ್ಲ. ಶವಾಗಾರದ ಹೊರಗೆ ಆಂಬುಲೆನ್ಸಿಗಾಗಿ ಕಾಯುತ್ತಿದ್ದ ಅಕ್ಕನ ಮುಂದೆ ತಮ್ಮ ಪ್ರತಿನಿಧಿ ಇಂಗ್ಲಿಷ್ ಮತ್ತು ಮಲಯಾಳದಲ್ಲಿದ್ದ ಕಾಗದವೊಂದನ್ನು ಚಾಚಿ, ಸಾಗಾಟದ ಖರ್ಚಿಗೆಂದು ಸಹಿ ಹಾಕಲು ಹೇಳಿದರು. ಕನ್ನಡ ಮಾಧ್ಯಮದಲ್ಲಿ ಓದಿದ ಆಕೆಗೆ ಅದರಲ್ಲಿ ಏನಿದೆಯೆಂದು ಯಾರೂ ಓದಿ ಹೇಳಲಿಲ್ಲ. ಮಾವ ಬರಲಿ ಎಂದು ಮಗ ತಡೆದದ್ದರಿಂದ ಆಕೆ ಸಹಿ ಹಾಕಲಿಲ್ಲ. ನಾನು ತಲಪಿ ಓದಿದಾಗ, ಮೂರು ಲಕ್ಷ ರೂಪಾಯಿಯನ್ನು ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ಸ್ವೀಕರಿಸಿ ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂಬ ಒಪ್ಪಂದ ಅದಾಗಿತ್ತು. ಗಂಡನ ಶವ ಒಳಗಿರುವಾಗ ಹೆಂಡತಿಯಿಂದ ಇಂಥ ಸಹಿ ಪಡೆಯಲು ಹೊರಟ ಸಿಬ್ಬಂದಿಯ ಮೇಲೆ ತಾವು ಯಾವ ಕ್ರಮ ಕೈಗೊಂಡಿದ್ದೀರಿ ಎಂದು ತಿಳಿಸಬೇಕು.

ಪರಿಹಾರದ ಮೊತ್ತವನ್ನು ನಾವು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ವಾಹನ ಅಪಘಾತದ ಸಾವುಗಳಿಗಾಗಿ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಹಾಕಿಕೊಟ್ಟ ಲೆಕ್ಕದ ಕ್ರಮವನ್ನೇ ಅನುಸರಿಸಿದ್ದೇವೆ. ತೆರಿಗೆ ಕಳೆದು ತಿಂಗಳಿಗೆ 58,000 ರೂಪಾಯಿಯಂತೆ ವರ್ಷಕ್ಕೆ 6,96,000. ಖಾಯಂ ನೌಕರಿಯಲ್ಲಿದ್ದ ಆ ವಯಸ್ಸಿನವರ ಭವಿಷ್ಯದ ಬಡ್ತಿಗಾಗಿ ಶೇ. 30 ಸೇರಿಸಿದರೆ 9,04,800. ನಾಲ್ವರು ಅವಲಂಬಿತರಿರುವುದರಿಂದ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 6,78,600. 43ರ ವಯಸ್ಸಿಗೆ ನಿಗದಿಯಾದ ಗುಣಕ 14ರಿಂದ ಗುಣಿಸಿದರೆ 95,00,400 ರೂಪಾಯಿ. ದಾಂಪತ್ಯದ ನಷ್ಟ, ಅಂತ್ಯಕ್ರಿಯೆಯ ಖರ್ಚು, ಬಡ್ಡಿ ಇದರಲ್ಲಿ ಸೇರಿಲ್ಲ. ತಾವು ಮುಂದಿಟ್ಟ ಮೂರು ಲಕ್ಷ ಯಾವ ಲೆಕ್ಕದಿಂದ ಬಂತೆಂಬುದನ್ನು ತಾವೂ ಹೀಗೆಯೇ ತೋರಿಸಿಕೊಡಿ.

ತಕ್ಷಣ ಆಗಬೇಕಾದ ಕೆಲಸವೆಂದರೆ ದಾಖಲೆಗಳ ಸಂರಕ್ಷಣೆ. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವು ವಾರಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿ ಹಳೆಯವು ಅಳಿದುಹೋಗುವುದು ಸಾಮಾನ್ಯ. ಘಟನೆಯಾದ ವಾರದಲ್ಲೇ ನಾವು ಇಮೇಲ್ ಮೂಲಕ ಅವುಗಳನ್ನು ಉಳಿಸಿಡಲು ಕೋರಿದ್ದೆವು, ಅದಕ್ಕೆ ಈವರೆಗೂ ಉತ್ತರವಿಲ್ಲ. ಹಿಂದಿನ ಸಂಜೆ ಬಲೆ ಹಾಕಿದಲ್ಲಿಂದ ಹಿಡಿದು ಭಾವನನ್ನು ಆಸ್ಪತ್ರೆಗೆ ಸಾಗಿಸುವವರೆಗಿನ ಡೆಕ್ಕಿನ ದೃಶ್ಯಗಳನ್ನು ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದೊಂದಿಗೆ ಕೊಡಬೇಕು. ಹಡಗಿನ ಲಾಗ್ ಪುಸ್ತಕ, ವೈದ್ಯರ ಟಿಪ್ಪಣಿ, ಆ ಪಾಳಿಯ ಸಿಬ್ಬಂದಿಯ ಪಟ್ಟಿ ಮತ್ತು ಅವರ ಪ್ರಥಮ ಚಿಕಿತ್ಸೆಯ ತರಬೇತಿಯ ದಾಖಲೆ, ಹಡಗುಗಳ ಸುರಕ್ಷತೆಯ ಅಂತಾರಾಷ್ಟ್ರೀಯ ನಿಯಮಾವಳಿಯಾದ ಐಎಸ್‌ಎಂ ಪ್ರಕಾರ ಪ್ರತಿ ಪ್ರಯಾಣಿಕ ಹಡಗಿನಲ್ಲೂ ಇರಬೇಕಾದ ಸುರಕ್ಷತಾ ಕೈಪಿಡಿಯಲ್ಲಿ ಈಜುಕೊಳದ ಬಗ್ಗೆ ಇರುವ ಭಾಗ, ಹಡಗಿನ ವಿಮಾದಾರರ ವಿವರ, ಇವೆಲ್ಲವೂ ಬೇಕು. ಆ ಜೀವರಕ್ಷಕ ಬಳೆಯನ್ನೂ ಅದರ ಪಟ್ಟಿಯನ್ನೂ ಇದ್ದ ಸ್ಥಿತಿಯಲ್ಲೇ ತೆಗೆದಿರಿಸಬೇಕು. ಅಳಿಸಿದ ಅಥವಾ ಅಡಗಿಸಿದ ಪುರಾವೆ ತಮಗೆ ವಿರುದ್ಧವಾಗಿತ್ತೆಂದು ನ್ಯಾಯಾಲಯ ಭಾವಿಸಲು ಅವಕಾಶವಿದೆ ಎಂಬುದನ್ನು ತಮ್ಮ ವಕೀಲರು ತಮಗೆ ತಿಳಿಸಿಕೊಡಬಲ್ಲರು.

ಈ ಪತ್ರ ತಲಪಿದ 30 ದಿನಗಳೊಳಗೆ ದಾಖಲೆಗಳೂ ಪರಿಹಾರದ ಬಗ್ಗೆ ಸ್ಪಷ್ಟ ಉತ್ತರವೂ ಬಾರದಿದ್ದರೆ, ಅಕ್ಕ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸುತ್ತಾಳೆ. ಟಿಕೆಟ್ಟಿಗೆ ತೆತ್ತ ಹಣ ಐದು ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಅಲ್ಲಿ ಶುಲ್ಕವೂ ಇಲ್ಲ. 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಪತ್ನಿ, ಮಕ್ಕಳು ಮತ್ತು ತಾಯಿಗಾಗಿ ಸಿವಿಲ್ ದಾವೆ ಹೂಡಲು ಸಾವಿನ ದಿನದಿಂದ ಎರಡು ವರ್ಷಗಳ ಅವಕಾಶವಿದ್ದು, ಅದನ್ನೂ ವಕೀಲರೊಂದಿಗೆ ಚರ್ಚಿಸಿದ್ದೇವೆ. ಇದಲ್ಲದೆ ಹಡಗುಗಳಿಗೆ ಸಂಬಂಧಿಸಿದ ದಾವೆಗಳ 2017ರ ಅಡ್ಮಿರಾಲ್ಟಿ ಕಾಯ್ದೆಯು ಹಡಗಿನ ಕಾರ್ಯಾಚರಣೆಗೆ ನೇರವಾಗಿ ಸಂಬಂಧಿಸಿದ ಜೀವಹಾನಿಗೆ ಹಡಗನ್ನೇ ಹೊಣೆಯಾಗಿಸಿ, ಅದು ಬಂದರಿನಲ್ಲಿರುವಾಗ ತಡೆಹಿಡಿಯುವ ಅಧಿಕಾರವನ್ನು ಕೇರಳ ಹೈಕೋರ್ಟಿಗೂ ಕೊಟ್ಟಿದೆ. ಈಜುಕೊಳ ಹಡಗಿನ ಕಾರ್ಯಾಚರಣೆಯ ಭಾಗವಲ್ಲ ಎಂದು ತಾವು ವಾದಿಸಬಹುದು. ಅಲೆಯ ಹೊಯ್ದಾಟ ನೋಡಿ ಬಲೆ ಹಾಕುವುದು, ತೆಗೆಯುವುದು ಕ್ಯಾಪ್ಟನ್‌ನ ಅಧೀನದ ಸಿಬ್ಬಂದಿಯ ಕೆಲಸವಾಗಿರುವಾಗ ಆ ವಾದ ಗಟ್ಟಿಯಲ್ಲವೆಂಬುದು ನಮ್ಮ ನಿಲುವು. ಈ ಕಾಯ್ದೆಯಡಿ ಹಡಗಿನ ಮೇಲಿನ ಹಕ್ಕಿಗೆ ಒಂದೇ ವರ್ಷದ ಅವಧಿ ಇರುವುದರಿಂದ, ಮಾತುಕತೆಯ ಹೆಸರಿನಲ್ಲಿ ಕಾಲ ತಳ್ಳುವುದಕ್ಕೆ ನಾವು ಒಪ್ಪಲಾರೆವು.

ಹಣದ ವಿಷಯ ಇತ್ಯರ್ಥವಾಗುವವರೆಗೆ ಕಾಯದೆ ತಾವು ಮಾಡಬೇಕಾದ ಇನ್ನೊಂದಿದೆ. ತೇಕ್ಕಡಿಯಲ್ಲಿ 2009ರಲ್ಲಿ 45 ಮಂದಿ, ತಾನೂರಿನಲ್ಲಿ 2023ರಲ್ಲಿ 22 ಮಂದಿ ಪ್ರವಾಸದ ದೋಣಿಗಳಲ್ಲಿ ಸತ್ತದ್ದನ್ನು ಈ ರಾಜ್ಯ ಕಂಡಿದೆ. ತಮ್ಮ ಹಡಗು ಈಗಲೂ ಅದೇ ಕೊಳದೊಂದಿಗೆ ಅದೇ ದಾರಿಯಲ್ಲಿ ಓಡಾಡುತ್ತಿದೆ. ಬೇರೆ ಯಾವ ಕೆಲಸವನ್ನೂ ಹಚ್ಚದ ಲೈಫ್‌ಗಾರ್ಡ್ ಅಲ್ಲಿ ನಿಲ್ಲುವವರೆಗೆ ಕೊಳವನ್ನು ಮುಚ್ಚಿರಿ, ಬಳೆಗಳ ಪಟ್ಟಿಗಳನ್ನು ಇಂದೇ ಕತ್ತರಿಸಿ ತೆಗೆಸಿರಿ, ಹಾಗೆ ಮಾಡಿದ್ದೀರೆಂಬುದನ್ನು ಲಿಖಿತವಾಗಿ ತಿಳಿಸಿರಿ.

ಉತ್ತರವನ್ನು ಅಕ್ಕನ ಹೆಸರಿಗೆ ಕನ್ನಡದಲ್ಲಿ, ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಬೇಕೆಂದೂ, ಆಕೆಗೆ ನೇರವಾಗಿ ಫೋನ್ ಮಾಡಬಾರದೆಂದೂ ಕೋರುತ್ತೇನೆ.

ಇತಿ,
(ಸಹಿ)
ಮೃತರ ಪತ್ನಿಯ ತಮ್ಮ ಮತ್ತು ಅಧಿಕೃತ ಪ್ರತಿನಿಧಿ
ಬದಿಯಡ್ಕ, ಕಾಸರಗೋಡು ಜಿಲ್ಲೆ